ಫೋನಿಗೆ ಕಾಣದ ಕಿವಿ

ಗಂಡನ ಹೆಸರನ್ನು ನಾನು ಮೊದಲ ಸಲ ಬಾಯಿಬಿಟ್ಟು ಕರೆದದ್ದು ಪುಣೆಯ ಹಡಪಸರದ ಒಂದು ಕಿವಿಯಂತ್ರದ ಕ್ಲಿನಿಕ್ಕಿನಲ್ಲಿ. ಅವರ ಎಡಗಿವಿ ಚಿಕ್ಕಂದಿನಲ್ಲೇ ಹೋಗಿತ್ತು. ಬಲಗಿವಿಯನ್ನು ತಳೇಗಾಂವದ ಕಾರ್ಖಾನೆಯ ತಗಡು ಒತ್ತುವ ಮಷೀನಿನ ಸದ್ದು ಅರ್ಧ ತಿಂದು ಹಾಕಿತ್ತು. ಉಳಿದರ್ಧ ಹೋದರೆ ಮುಗಿಯಿತು, ಅದನ್ನಾದರೂ ಉಳಿಸಿಕೊಳ್ಳೋಣ ಅಂತ ಹೋಗಿದ್ದೆವು.

ಯಂತ್ರ ಕೂರಿಸುವ ದೀಪಾಲಿ ಮ್ಯಾಡಮ್ ಮೊದಲು ದೀಪ ಹಿಡಿದು ಕಿವಿಯೊಳಗೆ ನೋಡಿದರು. ತಮಟೆಯಲ್ಲಿ ಸಣ್ಣ ತೂತಿದೆ, ಈಗ ಒಣಗಿದೆ, ನೀರು ಮಾತ್ರ ಹೋಗಬಾರದು ಎಂದರು. ಯಂತ್ರ ಹಾಕಿ, ನನ್ನನ್ನು ಇವರ ಬೆನ್ನ ಹಿಂದೆ ನಿಲ್ಲಿಸಿ, ಹೆಸರು ಹಿಡಿದು ಕರೆಯಿರಿ ಎಂದರು.

"ಅಯ್ಯ, ಗಂಡನ ಹೆಸರ ಹೆಂಗ ಹಿಡೀಲಿ!" ಅಂದೆ. ಮರಾಠಿಯಲ್ಲೂ ಹೇಳಿದೆ. ಆಕೆ ನಕ್ಕರು, ಬಿಡಲಿಲ್ಲ. ಕುತ್ತಿಗೆ ಒಳಗೆಳೆದುಕೊಂಡು, "ಲಾಲಪ್ಪಾ" ಅಂದೆ.

ಅವರು ತಟ್ಟನೆ ತಿರುಗಿದರು. "ಎಲಾ ಇಕಿನ! ಭಾಳ ಧೈರ್ಯ ಬಂತಲ್ಲ ನಿನಗ?" ಅಂದರು. ಕಣ್ಣಲ್ಲಿ ನೀರಿತ್ತು. ವಾಪಸ್ ಬರುವಾಗ ಬಸ್ಸಿನ ತುಂಬ ಅದೇ ಕಾಟ: "ಭುವನಾ, ಇನ್ನೊಮ್ಮಿ ಕರಿ."

"ಸುಮ್ಮನ ಕುಂದರ್ರಿ, ಮಂದಿ ನೋಡ್ತಾರ," ಅಂದೆ. ಒಮ್ಮೆ ಕರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ತಳೇಗಾಂವದಿಂದ ಹಡಪಸರಕ್ಕೆಂದರೆ ಇಡೀ ಪುಣೆ ದಾಟಬೇಕು, ಒಂದು ದಿನದ ಡ್ಯೂಟಿ ಹಾಳು. ಮ್ಯಾಡಮ್ಮೇ ಹೇಳಿದರು: ಇನ್ನು ಬರಬೇಡಿ, ಫೋನಿನಲ್ಲೇ ಯಂತ್ರ ಸರಿಮಾಡುತ್ತೇನೆ. ಹಾಗೇ ಮಾಡಿದರು ಕೂಡ. ಅಲ್ಲಿ ಕೂತು ಅವರು ಏನೋ ಒತ್ತಿದರೆ ಇಲ್ಲಿ ಇವರ ಕಿವಿಯಲ್ಲಿ ದನಿ ಏರುತ್ತಿತ್ತು. ನಾನಂತೂ ಬೆರಗಾಗಿ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದೆ.

ಮಳೆಗಾಲದಲ್ಲಿ ಇವರ ಕಿವಿಯಲ್ಲಿ ತುರಿಕೆ ಶುರುವಾಯಿತು. ಅವ್ವನ ಮುಂದೆ ಹೇಳಿಕೊಂಡರು. ನಮ್ಮತ್ತೆ ಯಮನವ್ವನ ಬಳಿ ಕಿವಿಗೆ ಇರುವುದು ಒಂದೇ ಉತ್ತರ, ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ. ಮಲಗುವಾಗ ಉಗುರುಬೆಚ್ಚಗೆ ನಾಲ್ಕು ಹನಿ, ಮೇಲೆ ಹತ್ತಿ. ನಮ್ಮ ಕಡೆ ಅದು ತಲೆ ಬಾಚಿಕೊಂಡಷ್ಟೇ ಸಾದಾ ಕೆಲಸ, ಯಾರೂ ತಿರುಗಿ ನೋಡುವುದಿಲ್ಲ.

ದನಿ ಮಂದವಾಗತೊಡಗಿತು. ಮ್ಯಾಡಮ್ಮಿಗೆ ಮುಖ ಕಾಣುವ ಫೋನು ಹಚ್ಚಿದೆವು.

"ಐಕೂ ಯೇತಂಯ್ ಕಾ, ಕಾಕಾ?" ಕೇಳಿಸುತ್ತದಾ ಅಂತ ಮ್ಯಾಡಮ್ ಮರಾಠಿಯಲ್ಲಿ ಕೇಳಿದರು.

"ಹೋ ಹೋ, ಮ್ಯಾಡಮ್!" ಅಂದರು ಇವರು. ತನಗಾಗಿ ಯಾರಾದರೂ ಒದ್ದಾಡುತ್ತಿದ್ದರೆ ಅವರ ಮುಖಕ್ಕೆ ಇಲ್ಲ ಅನ್ನಬಾರದು ಎನ್ನುವ ಮನುಷ್ಯ.

"ಸುಳ್ಳ ಹೇಳಬ್ಯಾಡ್ರಿ!" ಅಂತ ನಾನು ಫೋನು ಕಸಿದುಕೊಂಡು, ಏನೂ ಕೇಳುತ್ತಿಲ್ಲ ಎಂದೆ. ಮ್ಯಾಡಮ್ ದನಿ ಏರಿಸಿದರು. ಕಿವಿಗೆ ಔಷಧ ಹಾಕುತ್ತಿದ್ದೀರಾ, ನೀರು ಹೋಗಿದೆಯಾ ಎಂದು ಕೇಳಿದರು. ನಾನು ಇವರ ಕಿವಿಯ ಹತ್ತಿರ ಒದರಿ ಕೇಳಿದೆ. ತಲೆಯಾಡಿಸಿದರು. ಒಳಗಿಂದ ಅತ್ತೆಯೂ, "ಔಷಧ ಗಿಷಧ ಏನೂ ಇಲ್ಲವ್ವ," ಅಂದರು. ಯಾರೂ ಸುಳ್ಳು ಹೇಳಲಿಲ್ಲ. ಎಣ್ಣೆ ನೀರಲ್ಲ. ನಮ್ಮ ಮನೆಯಲ್ಲಿ ಅದು ಔಷಧವೂ ಅಲ್ಲ. ಮ್ಯಾಡಮ್ಮಿಗೆ ಫೋನಿನಲ್ಲಿ ಕಂಡದ್ದು ಇವರ ನಗುಮುಖ ಮಾತ್ರ.

ಆಮೇಲೆಯೂ ದನಿ ಏರಿಸುತ್ತಲೇ ಹೋದರು. ಇಲ್ಲಿ ಎಣ್ಣೆಯೂ ಬೀಳುತ್ತಲೇ ಇತ್ತು.

ಒಂದು ಮುಂಜಾನೆ ಎದ್ದವರೇ ತಲೆ ತಿರುಗಿ ಬಿದ್ದರು. ದಿಂಬಿನ ಮೇಲೆ ಕೀವು, ನಾತ. ಗಾಡಿ ಮಾಡಿಕೊಂಡು ಹಡಪಸರಕ್ಕೆ ಓಡಿದೆವು. ದೀಪಾಲಿ ಮ್ಯಾಡಮ್ ಯಂತ್ರ ತೆಗೆದು ಮೂಸಿದರು, "ಎಣ್ಣೆಯಾ?" ಎಂದರು, ದೀಪ ಹಿಡಿದು ನೋಡಿದರು. ಕಿವಿ ಡಾಕ್ಟರ ಬಳಿ ಕಳಿಸಿದರು. ಎಣ್ಣೆಯಿಂದ ತೂತಿನ ಒಳಗಡೆಯೂ ಕೀವಾಗಿ ನರ ಹೋಗಿದೆಯಂತೆ. ಕೀವು ಒಣಗಿತು. ಕಿವಿ ಮರಳಲಿಲ್ಲ. ಇನ್ನು ಯಾವ ಯಂತ್ರ ಹಾಕಿದರೂ ಅಷ್ಟೇ ಎಂದರು ಡಾಕ್ಟರು.

"ಒಮ್ಮೆ ಕರೆದುಕೊಂಡು ಬಂದಿದ್ದರೆ..." ಅಂದರು ಮ್ಯಾಡಮ್.

ನನಗೆ ಬೆಂಕಿ ಹತ್ತಿತು. "ಬರಬ್ಯಾಡ್ರಿ ಅಂದಾಕಿ ಯಾರ, ನಮ್ಮವ್ವೇನ?" ಅಂತ ಕನ್ನಡದಲ್ಲೇ ಕೂಗಿದೆ. ಆಕೆಗೆ ತಿಳಿಯಲಿಲ್ಲ. ತಿಳಿದಿದ್ದರೂ ಏನು ಬಂತು? ಮನೆಯಲ್ಲಿ ಅತ್ತೆ ಊಟ ಬಿಟ್ಟು ಗೋಡೆಗೆ ಮುಖಮಾಡಿ ಮಲಗಿದ್ದರು. ಅವರನ್ನು ಏನಂತ ಬೈಯಲಿ?

ಇವರು ಯಂತ್ರ ತೆಗೆದಿಡಲು ಒಪ್ಪಲಿಲ್ಲ. ಸಂಜೆ ಅದನ್ನು ಹಾಕಿಕೊಂಡೇ, ನನಗೆ ಬೆನ್ನು ಮಾಡಿ ಹೊಸ್ತಿಲ ಮೇಲೆ ಕೂತಿದ್ದರು. ನಾನು ಹಿಂದೆ ನಿಂತೆ.

"ಲಾಲಪ್ಪಾ," ಅಂದೆ.

ತಿರುಗಲಿಲ್ಲ. ಜೋರಾಗಿ ಕರೆದೆ. ಮತ್ತೆ ಕರೆದೆ, ಗಂಟಲು ಹರಿಯುವ ಹಾಗೆ. ನಾಚಿಕೆ ಎಲ್ಲಿ ಹೋಗಿತ್ತೋ. ಎದುರುಮನೆಯ ದುರ್ಗಾ ಹೊರಗೆ ಬಂದು, ಬಾಯಿಗೆ ಕೈ ಹಚ್ಚಿಕೊಂಡು ನನ್ನನ್ನೇ ನೋಡುತ್ತ ನಿಂತಳು.

ಅವಳ ಮುಖ ನೋಡಿ ಇವರಿಗೆ ಏನೋ ಹೊಳೆಯಿತು. ಹಿಂದೆ ತಿರುಗಿದರು. ತೆರೆದೇ ಇದ್ದ ನನ್ನ ಬಾಯಿ ನೋಡಿದರು.

"ಹೂಂ, ಹೂಂ," ಅಂತ ನಕ್ಕರು. "ಕೇಳಸ್ತದ, ಕೇಳಸ್ತದ."