ಪಫಿನ್ ಹಕ್ಕಿಯ ಕಾಲು

ಹೆಸ್ಟರ್ ಪಾಲಿಗೆ ಬಂದದ್ದು ಬರೀ ಕಾಲು. ಲಂಡನ್ನಿನ ಆ ಅಟ್ಟದ ಕೋಣೆಯಲ್ಲಿ ಒಂಬತ್ತು ಹೆಂಗಸರು ಸಾಲಾಗಿ ಕೂತು ಅಚ್ಚಾಗಿ ಬಂದ ಹಕ್ಕಿ ಚಿತ್ರಗಳಿಗೆ ಬಣ್ಣ ತುಂಬುತ್ತಿದ್ದರು. ಒಬ್ಬಳದು ಕೊಕ್ಕು, ಒಬ್ಬಳದು ರೆಕ್ಕೆ, ಹೆಸ್ಟರಳದು ಕಾಲು. ಕುಂಚದ ತುದಿಯನ್ನು ತುಟಿಯಲ್ಲೇ ಚೂಪು ಮಾಡಬೇಕು. ಬಣ್ಣದ ವಿಷಕ್ಕೆ ವಸಡು ಸದಾ ಊದಿರುತ್ತಿತ್ತು. ಆ ಚಿತ್ರಗಳ ಪುಸ್ತಕದ ಮೇಲೆ ಹೆಸರು ಮಾತ್ರ ಯಜಮಾನ ಥ್ರೇಲ್ ಸಾಹೇಬರದು.

ಸಾಹೇಬರು ತಮ್ಮ ಕೈಯಾರೆ ಬಣ್ಣ ಬಳಿದ ಮಾದರಿ ಹಾಳೆ ಮೇಜಿನ ನಡುವೆ ಇರುತ್ತಿತ್ತು. ಅದರಲ್ಲಿದ್ದಂತೆಯೇ ಎಲ್ಲರೂ ಹಚ್ಚಬೇಕು. ಆ ವಾರ ಪಫಿನ್ ಎಂಬ ಕಡಲ ಹಕ್ಕಿ. ಮಾದರಿಯಲ್ಲಿ ಅದರ ಕಾಲು ಒಣಹುಲ್ಲಿನ ಬಣ್ಣ. ಹೆಸ್ಟರ್ ಕಡಲ ದಂಡೆಯವಳು, ಆ ಹಕ್ಕಿಯನ್ನು ಬೇಯಿಸಿ ತಿಂದು ಬೆಳೆದವಳು. ಕೈ ಸುಮ್ಮನಿರಲಿಲ್ಲ. ಐವತ್ತು ಹಾಳೆಗಳಲ್ಲಿ ಕಾಲಿಗೆ ಕೆಂಪು ಹಚ್ಚಿಬಿಟ್ಟಳು.

ಸಾಹೇಬರು ಕೆಂಡವಾದರು. "ಯಾವಳೇ ಇದು ಮಾಡಿದ್ದು? ಮಾದರಿ ಕಾಣ್ಸಲ್ವಾ?"

"ಅದ್ರ ಕಾಲು ಹಿಂಗೇ ಇರೋದು ಸಾಹೇಬ್ರೆ. ನೀವು ನೋಡಿದ್ದು ಸತ್ತು ಒಣಗಿದ್ದು. ಜೀವ ಹೋದ್ಮೇಲೆ ಬಣ್ಣಾನೂ ಹೋಗುತ್ತೆ."

"ನಂಗೇ ಹಕ್ಕಿ ಪಾಠ ಹೇಳ್ತೀಯಾ? ನಿನ್ನದು ಬರೀ ಕೈ. ಕಣ್ಣು, ತಲೆ ಎಲ್ಲಾ ನಂದು!"

ಆ ವಾರದ ಕೂಲಿ ಖೋತಾ. ಇನ್ನೊಮ್ಮೆ ಮಾದರಿ ಮೀರಿದರೆ ಬೀದಿಪಾಲು. ಹೆಸ್ಟರ್ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡಳು.

ಬೇಸಿಗೆಯಲ್ಲಿ ಸಾಹೇಬರು ಹವಾ ಬದಲಾವಣೆಗೆಂದು ಕಡಲಿಗೆ ಹೋದರು. ಜೀವಂತ ಪಫಿನ್ ಕಂಡರು. ಊರಿಗೆ ಬಂದವರೇ ವಿದ್ವಾಂಸರ ಸಭೆಯಲ್ಲಿ ಅದರ ಕೆಂಪು ಕಾಲನ್ನು ತಾವೇ ಕಂಡುಹಿಡಿದದ್ದಾಗಿ ಭಾಷಣ ಬಿಗಿದು ಚಪ್ಪಾಳೆ ಗಿಟ್ಟಿಸಿಕೊಂಡರು. ಮೂಲೆಗೆ ಬಿದ್ದಿದ್ದ ಐವತ್ತು ಹಾಳೆಗಳೂ ದುಬಾರಿ ಬೆಲೆಗೆ ಮಾರಾಟವಾದವು.

"ಹಂಗಾದ್ರೆ ನನ್ನ ಕೂಲಿ?" ಎಂದಳು ಹೆಸ್ಟರ್, ವೈನಿನ ಲೋಟ ಹಿಡಿದೇ ಅಟ್ಟಕ್ಕೆ ಬಂದ ಸಾಹೇಬರಿಗೆ.

"ಮಾದರಿ ಮೀರಿದ್ದು ಮೀರಿದ್ದೇ," ಎಂದು ಸಾಹೇಬರು ಕೈ ಬೀಸಿದರು. ಲೋಟದ ಕೆಂಪು ವೈನು ಚೆಲ್ಲಿ ಹೊಸ ಮಾದರಿಯ ಬಿಳಿ ಹಂಸದ ಎದೆಗೆ ಬಿತ್ತು. ಅವರು ನೋಡದೆ ಇಳಿದು ಹೋದರು. ಹೆಂಗಸರು ನೋಡಿದರು.

ಕೊಕ್ಕು ಬಳಿಯುವ ಪ್ರೂಡೆನ್ಸ್ ಕೇಳಿದಳು: "ಹೆಸ್ಟರಕ್ಕಾ, ಈ ಕೆಂಪು ಯಾರ ಪಾಲಿಗೆ?"

"ಎಲ್ರ ಪಾಲಿಗೂ ಕಣೇ."

ಶನಿವಾರ ಮುನ್ನೂರು ಹಂಸಗಳು ತಯಾರಾದವು. ಮುನ್ನೂರರ ಎದೆಯ ಮೇಲೂ ಅದೇ ಅಳತೆಯ, ಅದೇ ಕೆಂಪು ಕಲೆ.

"ವೈನು ಚೆಲ್ಲಿರೋದು ಅಂತ ಕಾಣ್ಸಲ್ವೇನ್ರೇ ನಿಮಗೆ?" ಸಾಹೇಬರು ಬೊಬ್ಬೆ ಹಾಕಿದರು.

"ಕಾಣ್ಸುತ್ತೆ ಸಾಹೇಬ್ರೆ," ಎಂದಳು ಹೆಸ್ಟರ್. "ಆದ್ರೆ ಕಣ್ಣು ನಿಮ್ದಲ್ವಾ? ನಮ್ಮ ಕಣ್ಣೂ ಬೇಕೂಂದ್ರೆ, ಪಫಿನ್ ವಾರದ ಕೂಲಿ ಮೊದ್ಲು ಇಲ್ಲಿಡಿ."

ಒಂಬತ್ತು ಹೆಂಗಸರೂ ಕುಂಚ ಕೆಳಗಿಟ್ಟು ಕೈಕಟ್ಟಿ ಕೂತರು.