ಆ ಒಂದು ಡಿಸ್‌ಲೈಕ್

ಮಿರ್ಲೆಯ ನಂಜುಂಡೇಶನಿಗೆ ಮಗಳ ಮೇಲೆ ಹೊಟ್ಟೆಕಿಚ್ಚುಪಡುವವರು ಯಾರೆಂದು ಗೊತ್ತಾಗಿಹೋಗಿತ್ತು. ಮಗಳು ಭಾವನಾ ಸಂಗೀತ ಕಛೇರಿ ಕೊಡಲು ಶುರುಮಾಡಿ ಎರಡು ವರ್ಷ. ಅವಳ ಹಾಡುಗಳನ್ನು ಯೂಟ್ಯೂಬಿಗೆ ಹಾಕುವವನು ಅವನೇ. ಯಾವ ಹಾಡು ಹಾಕಿದರೂ, ಚಾನೆಲ್ ನೋಡಿಕೊಳ್ಳುವವನಿಗೆ ಮಾತ್ರ ಕಾಣುವ ಹಾಗೆ ಒಂದೇ ಒಂದು ಡಿಸ್‌ಲೈಕ್ ಬಂದು ಕೂರುತ್ತಿತ್ತು. ಕೆ.ಆರ್. ನಗರದಲ್ಲಿ ಭಾವನಾಳ ಸಂಗೀತದ ಮೇಷ್ಟ್ರ ಹತ್ತಿರವೇ ಕಲಿಯುವ ಇನ್ನೊಬ್ಬ ಹುಡುಗಿಯ ತಾಯಿ ಸುಂದ್ರಮ್ಮನ ಮೇಲೇ ಅವನ ಗುಮಾನಿ. ಆಯಮ್ಮ ಸಿಕ್ಕಾಗೆಲ್ಲ ನಗುವುದೂ ಯಾಕೋ ಜಾಸ್ತಿಯೇ.

ಭಾನುವಾರ ಬೆಳಿಗ್ಗೆ ಮಗಳ ಇಪ್ಪತ್ತು ನಿಮಿಷದ ತೋಡಿ ರಾಗ ಹಾಕಿ, ಫೋನ್ ಹಿಡಿದು ಹೊಂಚು ಹಾಕಿ ಕೂತ. ಐದು ನಿಮಿಷಕ್ಕೇ ನಲವತ್ತು ಜನ ‘ಸೂಪರ್’ ಅಂತ ಬರೆದರು. ಇಪ್ಪತ್ತೊಂದನೇ ನಿಮಿಷಕ್ಕೆ ಸರಿಯಾಗಿ ಡಿಸ್‌ಲೈಕ್ ಬಿತ್ತು.

“ಈಗ್ಲೇ ಹೋಗಿ ಆಯಮ್ಮನ್ನ ಕೇಳ್ತೀನಿ” ಎಂದು ಬೈಕಿನ ಕೀ ತೆಗೆದುಕೊಂಡ.

ಭಾವನಾ ಬಾಗಿಲಿಗೆ ಅಡ್ಡ ನಿಂತಳು. “ಪ್ರತಿ ಸಲ ಒತ್ತೋದು ನಾನೇ ಕಣಪ್ಪ. ಈ ಸಲ ಹದಿನೆಂಟನೇ ನಿಮಿಷದಲ್ಲಿ ಶ್ರುತಿ ಬಿಟ್ಟಿದ್ದೀನಿ. ಸೂಪರ್ ಅಂದೋರು ಯಾರೂ ಅಲ್ಲೀಗಂಟ ಕೇಳೇ ಇಲ್ಲ.”

ನಂಜುಂಡೇಶ ಫೋನ್ ನೋಡಿಕೊಂಡ. ಆ ನಲವತ್ತು ‘ಸೂಪರ್’ಗಳಲ್ಲಿ ಮೊದಲನೆಯದು ಅವನದೇ ಆಗಿತ್ತು.