ಬೇರೆ ಮನೆ ಹಾಲಿಗೆ ಹೆಪ್ಪು

ನಮ್ಮ ಮನೆಯ ಕಂಪ್ಯೂಟರ್ ಒಳಗಿನಿಂದ ಟಕಟಕ ಎನ್ನತೊಡಗಿದಾಗ ನನ್ನ ಗಂಡ ಇಂದುಧರ ಖುಷಿಪಟ್ಟರು. ಅವರು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ. ಕಾಯಿ ಅಲ್ಲಾಡಿಸಿದಾಗ ಸದ್ದು ಬಂದರೆ ಒಳಗೆ ಕೊಬ್ಬರಿ ಚೆನ್ನಾಗಿ ಒಣಗಿದೆ ಎಂದು ಲೆಕ್ಕ.

"ಸದ್ದು ಬತ್ತೈತೆ ಅಂದ್ರೆ ಒಳ್ಳೇದೇ ಕಣೇ" ಎಂದರು. ಇಂಥವರ ಜೊತೆ ಸಂಸಾರ ಮಾಡುತ್ತಿದ್ದೇನೆ.

ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಹಾಗೆ ಸದ್ದು ಮಾಡುತ್ತದೆ ಎಂದು ನನಗೆ ಗೊತ್ತಿತ್ತು. ಅತ್ತೆ ಗುರುಸಿದ್ದಮ್ಮನವರ ಸೋಬಾನೆ ಹಾಡುಗಳೆಲ್ಲ ಇರುವುದು ಆ ಡಿಸ್ಕಿನಲ್ಲೇ. ಗಂಟಲಿನ ಆಪರೇಷನ್ ಆದ ಮೇಲೆ ಅವರಿಗೆ ದನಿಯಿಲ್ಲ. ಅದಕ್ಕೆ ಮೊದಲು ಅಡುಗೆಮನೆಯಲ್ಲಿ ಕೂರಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ಹಾಕಿದ್ದೆ; ಆ ಮೊಬೈಲ್ ನೀರಿನ ಸಂಪಿನೊಳಗೆ ಬಿದ್ದು ಸತ್ತಿದೆ. ಒಂದು ಹಾಡಿನ ನಡುವೆ ಅವರು ರಾಗ ನಿಲ್ಲಿಸಿ, "ಪುಷ್ಪಾ, ಹಾಲು ಉಕ್ತೈತೆ ನೋಡೇ!" ಎಂದು ಗದರುತ್ತಾರೆ. ಅದನ್ನು ಕತ್ತರಿಸು ಎಂದು ಎಲ್ಲರೂ ಹೇಳಿದರು. ನಾನು ಬಿಲ್‌ಕುಲ್ ಒಪ್ಪಲಿಲ್ಲ. ಅತ್ತೆ ನನ್ನ ಹೆಸರು ಹಿಡಿದು ಕೂಗಿದ್ದು ಈ ಲೋಕದಲ್ಲಿ ಉಳಿದಿರುವುದು ಅದೊಂದೇ. ಆ ಬೈಗುಳ ನನಗೆ ಬೇಕು.

"ಅಷ್ಟೇ ತಾನೆ?" ಎಂದು ಇಂದುಧರ ಪೆನ್‌ಡ್ರೈವ್ ಚುಚ್ಚಿ, ಪರದೆಯ ಮೇಲಿದ್ದ ಹಾಡುಗಳನ್ನೆಲ್ಲ ಅದಕ್ಕೆ ಎಳೆದು ಹಾಕಿದರು. ಒಂದನ್ನು ಅಲ್ಲೇ ಒತ್ತಿದರು. ಹಾಡು ಬಂತು. ಪೆನ್‌ಡ್ರೈವನ್ನು ದೇವರ ಮನೆಯಲ್ಲಿಟ್ಟು ಕೈಮುಗಿದರು.

ಅತ್ತೆ ಮೂತಿ ಸೊಟ್ಟ ಮಾಡಿ ಸ್ಲೇಟು ಎಳೆದುಕೊಂಡರು. "ಕಟ್ಟಿದ ಮೊಸರಿಗೇ ಹೆಪ್ಪು ಹಾಕಿ ನೋಡಿದ್ರೆ ಏನ್ ಗೊತ್ತಾಗ್ತೈತೆ? ಬೇರೆ ಮನೆ ಹಾಲಿಗೆ ಹಾಕ್ರಿ" ಎಂದು ಬರೆದರು.

ಪಕ್ಕದ ಮನೆ ಸುಮಿತ್ರಮ್ಮನ ಕಂಪ್ಯೂಟರಿಗೆ ಚುಚ್ಚಿದರೆ ಒಂದು ಹಾಡೂ ಇಲ್ಲ! ನನ್ನ ಗಂಡ ತುಂಬಿದ್ದು ಬರೀ ಶಾರ್ಟ್‌ಕಟ್‌ಗಳನ್ನು. ಮನೆಯನ್ನು ಬಿಟ್ಟು ಮನೆಯ ವಿಳಾಸವನ್ನು ಹೊತ್ತು ತಂದಿದ್ದರು.

"ಒಂದೊಂದು ಕಾಯೀನೂ ಅಲ್ಲಾಡಿಸಿ ತಗಳೋರು, ಇದನ್ನ ಯಾಕ್ರೀ ನೋಡ್ಲಿಲ್ಲ?" ಎಂದು ಕೂಗಾಡಿದೆ.

ಅವರು ಸುಮಿತ್ರಮ್ಮ ಕೊಟ್ಟ ಕಾಫಿ ಕುಡಿಯುತ್ತಾ, "ಅಲ್ಲಾಡಿಸಿದೆ ಕಣೇ, ಸದ್ದೇ ಬರ್ಲಿಲ್ಲ" ಎಂದರು.

ಮನೆಗೆ ಬಂದು ಹಾಡುಗಳ ಫೋಲ್ಡರ್ ಒತ್ತಿದರೆ ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಸಾಯುವ ಡಿಸ್ಕನ್ನು ಮತ್ತೆ ಮತ್ತೆ ತಡಕಬಾರದು, ಒಂದೇ ಸಲಕ್ಕೆ ಇಡಿಯಾಗಿ ಹೊಸ ಡಿಸ್ಕಿಗೆ ನಕಲಿಸಿ ಕ್ಲೋನ್ ಮಾಡಿಬಿಡಬೇಕು ಎಂದು ಎಲ್ಲೋ ಓದಿದ್ದೆ. ಹೊಸ ಡಿಸ್ಕ್ ತಂದು ಜೋಡಿಸಿದೆ. ಯಾವುದರಿಂದ ಯಾವುದಕ್ಕೆ ಎಂದು ಪರದೆ ಕೇಳಿತು. ಉಲ್ಟಾ ಒತ್ತಿದರೆ ಖಾಲಿ ಡಿಸ್ಕೇ ಅತ್ತೆಯ ಹಾಡುಗಳ ಮೇಲೆ ಬಂದು ಕೂರುತ್ತದೆ. ನೆರವಿಗೆಂದು ಇಂದುಧರ ಬೆರಳು ಚಾಚಿದರು. ಆ ಬೆರಳಿಗೆ ಒಂದು ಕೊಟ್ಟೆ.

ಕ್ಲೋನ್ ಮುಗಿಯಿತು. ಹೊಸ ಡಿಸ್ಕಿನಿಂದಲೇ ಕಂಪ್ಯೂಟರ್ ಎದ್ದಿತು, ಅತ್ತೆ ಹಾಡಿದರು, ಗದರಿದರು. ಹಳೆಯದು ಮತ್ತೆ ಉಸಿರೆತ್ತಲಿಲ್ಲ.

"ಹೆಪ್ಪು ಒಂದೇ ಮನೇಲಿ ಇಡಬಾರ್ದು" ಎಂದು ಸ್ಲೇಟು ಮತ್ತೆ ಹೇಳಿತು. ಈ ಸಲ ಹಾಡುಗಳನ್ನೇ ತುಂಬಿದ ಪೆನ್‌ಡ್ರೈವನ್ನು ಜಾವಗಲ್ಲಿನ ನಾದಿನಿ ಅನುಸೂಯಮ್ಮನಿಗೆ ಕಳಿಸಿ, ಹಾಕಿ ನೋಡಿ ಹೇಳು ಎಂದೆ. ಎಷ್ಟು ದಿನವಾದರೂ ಸುದ್ದಿಯಿಲ್ಲ. ಅಲ್ಲೂ ಕೈಕೊಟ್ಟಿತೇನೋ ಎಂದು ಕುದಿಯುತ್ತಿದ್ದೆ.

ಕೊನೆಗೆ ಅವಳ ಫೋನ್ ಬಂತು. ಅತ್ತೆಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಹಾಡು ಬಂತು, ಆದರೆ ಅದು ಅತ್ತೆಯ ದನಿಯಲ್ಲ, ಯಾರೋ ಹೆಂಗಸರ ಗುಂಪು.

"ಅತ್ತೆ ಹಾಡು ಎಲ್ಲೇ?" ಎಂದು ರೇಗಿದೆ.

"ಅದನ್ನೇ ಕೇಳಿ ಕೇಳಿ ಕಲ್ತವ್ರೆ ಅತ್ತಿಗೆ. ಇಲ್ಲಿ ಪಕ್ಕದ ಮನೇಲಿ ಮದುವೆ. ಸುಮ್ನೆ ಕೇಳ್ರೀ."

ಕೇಳಿದೆವು. ಅತ್ತೆಯ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಹಾಡಿನ ನಡುವೆ ಆ ಹೆಂಗಸರೆಲ್ಲ ಒಟ್ಟಿಗೆ ರಾಗ ನಿಲ್ಲಿಸಿದರು.

"ಪುಷ್ಪಾ, ಹಾಲು ಉಕ್ತೈತೆ ನೋಡೇ!"

ಮತ್ತೆ ರಾಗ ಎತ್ತಿಕೊಂಡರು. ನಾನು ಆಗಲೇ ಅಡುಗೆಮನೆಗೆ ಓಡಿದ್ದೆ. ಒಲೆ ಹೊತ್ತಿಸಿಯೇ ಇರಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ವಾಪಸ್ ಬಂದರೆ, ಅತ್ತೆ ದನಿಯಿಲ್ಲದೆ ಮೈ ಕುಲುಕಿಸಿ ನಗುತ್ತಾ ಸ್ಲೇಟು ಎತ್ತಿ ಹಿಡಿದಿದ್ದರು: "ಗಟ್ಟಿಯಾಗಿ ಕಟ್ಟೈತೆ."